ಎರಡನೇ ಏಟು

ನೇಯ್ಗೆ ಶಿಬಿರದ ಮೊದಲ ದಿನವೇ ಒಬ್ಬ ಹುಡುಗನ ಹಣೆ ಒಡೆಯಿತು. ಲಾಳಿ ಮರದ್ದು, ಎರಡೂ ತುದಿಗೆ ಕಬ್ಬಿಣದ ಮೂತಿ ಇರುತ್ತದೆ. ಅದನ್ನು ಮಗ್ಗದ ಮೇಲೆ ಓಡಿಸಬೇಕು, ಮನುಷ್ಯರ ಮೇಲಲ್ಲ. ಇದನ್ನೂ ಬಾಯಿಬಿಟ್ಟು ಹೇಳಬೇಕಾಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಮೇಲಿನ ಬೀದಿಯ ಒಬ್ಬ ದಾಂಡಿಗ ಕೆಳಗಿನ ಬೀದಿಯ ಹುಡುಗನಿಗೆ ಗುರಿಯಿಟ್ಟು ಬೀಸಿದ. ನಾವು ಕೂತು ಬೆನ್ನು ಮುರಿದುಕೊಂಡು ಕಟ್ಟಿದ್ದ ಮಗ್ಗದ ಬಿಳಿ ನೂಲಿನ ಹಾಸಿನ ಮೇಲೆ ರಕ್ತ ತೊಟ್ಟಿಕ್ಕಿತು. ಏಟು ತಿಂದವನು ಅಳಲಿಲ್ಲ, ಕೊಟ್ಟವನು ತಪ್ಪಾಯ್ತು ಅನ್ನಲಿಲ್ಲ. ಉಳಿದ ಮಕ್ಕಳು ಗೋಡೆಗೆ ಒರಗಿ, ಇದು ದಿನಾ ಇರೋದೇ ಎಂಬಂತೆ ನೋಡುತ್ತಿದ್ದರು. ನನಗೆ ಮೈ ಉರಿದುಹೋಯಿತು.

"ನೂಲಿಗೆ ಬಣ್ಣ ಹಾಕೋಕೆ ಅಲ್ಲಿ ನಮ್ಮಕ್ಕ ಇದ್ದಾಳೆ. ನಿಮ್ಮ ರಕ್ತ ಯಾರಿಗ್ರೋ ಬೇಕು? ಎರಡು ಸಲ ತೊಳೆದ್ರೆ ಕಂದು ತಿರುಗುತ್ತೆ, ದರಿದ್ರದ್ದು!" ಎಂದು ಕಿರುಚಿದೆ.

ಒಬ್ಬಳು ಕಿಸಕ್ಕನೆ ನಕ್ಕಳು. ಉದ್ದ ಕೈಕಾಲಿನ ಸಣಕಲು ಹುಡುಗಿ, ಹದಿನಾರರ ಆಸುಪಾಸು, ಮೇಲಿನ ಬೀದಿಯವಳು. ಎಲ್ಲರೂ ಕಡ್ಡಿ ಎಂದು ಕರೆಯುತ್ತಿದ್ದರು. ಅವಳೂ ಆ ಹೆಸರಿಗೇ ಓಗೊಡುತ್ತಿದ್ದಳು. ನಾನು ಹೇಳಹೊರಟಿರುವುದು ಅವಳ ವಿಷಯ.

ಹೋದ ವರ್ಷ ಆ ಎರಡು ಬೀದಿಗಳ ನಡುವೆ ನಡೆದದ್ದನ್ನು ಜನ ಜಗಳ ಎನ್ನುತ್ತಾರೆ. ನನ್ನ ನಾಲಿಗೆಗೆ ಆ ಮಾತು ಒಗ್ಗುವುದಿಲ್ಲ. ಸ್ಕೂಟರ್ ನಿಲ್ಲಿಸುವ ಜಾಗದ ವಿಷಯಕ್ಕೆ ಬಿದ್ದ ಒಂದು ಏಟು ಸಂಜೆಯೊಳಗೆ ಮನೆಗಳಿಗೆ ಬೆಂಕಿಯಾಗಿತ್ತು, ಎದ್ದು ಓಡಲಾಗದ ಒಬ್ಬ ಮುದುಕ ಒಳಗೇ ಉಳಿದುಬಿಟ್ಟಿದ್ದ. ಆಮೇಲೆ ಪೊಲೀಸರು ಬಂದರು, ಸಭೆಗಳಾದವು, ಎರಡೂ ಕಡೆಯ ಹಿರಿಯರು ಹಲ್ಲು ಕಚ್ಚಿಕೊಂಡು ಕೈಕುಲುಕಿದರು. ಆ ಶಾಂತಿ ಎಷ್ಟು ತೆಳುವಾಗಿತ್ತು ಎಂದರೆ, ಒಂದು ಬೀದಿಯವನ ಏಟು ಇನ್ನೊಂದು ಬೀದಿಯವನಿಗೆ ಬಿತ್ತು ಎಂದು ಸುದ್ದಿಯಾದರೆ ಸಾಕು, ಮತ್ತೆ ಸೀಮೆಎಣ್ಣೆ ಡಬ್ಬಗಳು ಹೊರಬರುತ್ತಿದ್ದವು. ಮಕ್ಕಳಿಗೂ ಅದು ಗೊತ್ತಿತ್ತು. ಹಣೆ ಒಡೆದ ಹುಡುಗ ಮನೆಗೆ ಹೋಗಿ ಮೆಟ್ಟಿಲಿಂದ ಬಿದ್ದೆ ಅಂದನಂತೆ. ಅದಕ್ಕೇ ನಮ್ಮ ಶಿಬಿರ ಎರಡನೇ ದಿನ ಕಂಡಿತು.

ಎರಡು ಬೀದಿಯ ಮಕ್ಕಳನ್ನೂ ಒಂದೇ ಬಟ್ಟೆ ನೇಯಲು ಕೂರಿಸಬೇಕು ಎಂಬುದು ಯಾರೋ ದೊಡ್ಡವರ ಆಲೋಚನೆ. ದೊಡ್ಡವರು ಆಲೋಚನೆ ಕೊಟ್ಟು ಹೊರಟುಹೋದರು, ಸಿಕ್ಕಿಬಿದ್ದವರು ನಾವಿಬ್ಬರು: ಬಣ್ಣ ಹಾಕುವ ನಮ್ಮಕ್ಕ, ನೇಯುವ ನಾನು. ಮಕ್ಕಳು ಅವಳನ್ನು ದೊಡ್ಡಕ್ಕ, ನನ್ನನ್ನು ಚಿಕ್ಕಕ್ಕ ಎನ್ನುತ್ತಿದ್ದರು. ಜಾಗ, ಬೀದಿಗಳ ನಡುವೆ ನಿಂತ ಹಳೆಯ ಲಾಂಡ್ರಿ ಕಟ್ಟಡ. ನೆಲದಲ್ಲಿ ಕಾಲುವೆ, ಗೋಡೆಯುದ್ದಕ್ಕೂ ನಲ್ಲಿ, ನೀರು ಕಾಯಿಸುವ ದೊಡ್ಡ ದೊಡ್ಡ ಹಂಡೆ. ಬಣ್ಣದವಳಿಗೆ ಇದಕ್ಕಿಂತ ಅರಮನೆ ಬೇಕೆ? ಒಂದು ಬಾಗಿಲು ಮೇಲಿನ ಬೀದಿಗೆ, ಇನ್ನೊಂದು ಕೆಳಗಿನ ಬೀದಿಗೆ. ಮಕ್ಕಳು ಅವರವರ ಬಾಗಿಲಲ್ಲೇ ಬರುತ್ತಿದ್ದರು, ಅವರವರ ಬಾಗಿಲಲ್ಲೇ ಹೋಗುತ್ತಿದ್ದರು.

ಮಗ್ಗ ಒಬ್ಬರ ಕೈಗೆ ಎಟುಕದಷ್ಟು ಅಗಲ. ಬೆಂಚಿನ ಮೇಲೆ ಇಬ್ಬರು ಕೂರಬೇಕು, ಈ ತುದಿಯಿಂದ ಒಬ್ಬರು ಎಸೆದ ಲಾಳಿಯನ್ನು ಆ ತುದಿಯಲ್ಲಿ ಇನ್ನೊಬ್ಬರು ಹಿಡಿದು ವಾಪಸ್ ಎಸೆಯಬೇಕು. ಒಬ್ಬರು ಮುನಿಸಿಕೊಂಡರೆ ಬಟ್ಟೆ ಅಲ್ಲೇ ನಿಲ್ಲುತ್ತದೆ. ನಾನು ಜೋಡಿ ಮಾಡಿದ್ದು ತೋಳಿನ ಉದ್ದ ನೋಡಿ. ಬಲಗಡೆಗೆ ಕಡ್ಡಿ. ಎಡಗಡೆಗೆ, ಎಡಗೈಯಲ್ಲೇ ಎಲ್ಲ ಮಾಡುವ ಕೆಳಗಿನ ಬೀದಿಯ ಎಡಚ ಎಂಬ ಹುಡುಗ. ಕೋಣೆಯಲ್ಲಿ ಗುಸುಗುಸು ಎದ್ದಿತು. ಆಮೇಲೆ ಒಬ್ಬಳು ನನ್ನ ಕಿವಿಯಲ್ಲಿ ಹೇಳಿದಳು: ಹೋದ ವರ್ಷ ಕಡ್ಡಿಯ ಅಣ್ಣನ ಬಲಗೈ ಮುರಿದವನು ಈ ಎಡಚನ ಅಣ್ಣ. ಈಗ ಜೈಲಿನಲ್ಲಿದ್ದಾನೆ.

"ಜಾಗ ಬದಲಾಯಿಸ್ಲೇನೇ?" ಎಂದು ಕಡ್ಡಿಯನ್ನು ಕೇಳಿದೆ.

"ಇವನ ಕೈ ಉದ್ದ ಇದೆಯಲ್ಲಾ, ಇರ್ಲಿ ಬಿಡಿ ಚಿಕ್ಕಕ್ಕ" ಎಂದಳು, ಅವನ ಮುಖ ನೋಡದೆ.

ಅವಳು ಶಿಬಿರಕ್ಕೆ ಬರುತ್ತಿದ್ದದ್ದೇ ಕಳ್ಳತನದಲ್ಲಿ. ಮನೆಯಲ್ಲಿ ಹೊಲಿಗೆ ತರಗತಿ ಎಂದು ಹೇಳಿದ್ದಳು. ಅವಳ ಅಣ್ಣ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವನು. ಮುರಿದ ಬಲಗೈ ಸೊಟ್ಟಗೆ ಕೂಡಿಕೊಂಡು ಸ್ಪ್ಯಾನರ್ ತಿರುಗಿಸಲಾಗದೆ ಕೆಲಸ ಹೋಗಿತ್ತು. ಈಗ ಮನೆಯಲ್ಲಿ ಕೂತು ಒಂದೇ ಮಂತ್ರ ಜಪಿಸುತ್ತಿದ್ದ: ಆ ಬೀದಿಯವರ ಜೊತೆ ನಮ್ಮನೆಯವರು ಯಾರಾದ್ರೂ ಕೂತ್ರೆ ಅವರ ಕೈ ಉಳಿಸಲ್ಲ. ಬರೀ ಮಾತಲ್ಲ ಅದು. ಎಡಗೈ ನೆಟ್ಟಗಿತ್ತು, ಅದರಲ್ಲಿ ತಂಗಿಗೂ ಅಮ್ಮನಿಗೂ ಬಾರಿಸುವುದನ್ನು ಚೆನ್ನಾಗಿ ರೂಢಿಸಿಕೊಂಡಿದ್ದ. ಅವನ ಸಿಟ್ಟಿಗೆ ಕಾರಣವಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಆ ಕಾರಣ ಅವಳ ಬೆನ್ನ ಮೇಲೆ ಇರಲಿಲ್ಲ.

ಬಣ್ಣದ ಸರದಿ ಬಂದಾಗ ಕಡ್ಡಿ ನಮ್ಮಕ್ಕನ ಸೆರಗು ಜಗ್ಗಿದಳು.

"ದೊಡ್ಡಕ್ಕ, ಕೈಗೆ ಬಣ್ಣ ಅಂಟದೆ ಇರೋ ಕೆಲಸ ಏನಾದ್ರೂ ಇದೆಯಾ?"

"ಬಣ್ಣದ ಮನೆಗೆ ಬಂದು ಬಣ್ಣ ಬೇಡ ಅಂತೀಯಲ್ಲೇ ಮಾರಾಯ್ತಿ!" ಎಂದಳು ಅಕ್ಕ. ಹುಡುಗಿಯ ಮುಖ ನೋಡಿದ ಮೇಲೆ ನಗಲಿಲ್ಲ. ಮಂಜಿಷ್ಠದ ಬೇರು ಕುದಿಸಿದ ಕೆಂಪು ಹಂಡೆ ಬೇಡ, ನೀಲಿ ತೊಟ್ಟಿಯಂತೂ ಬೇಡವೇ ಬೇಡ. ಮೂಲೆಯಲ್ಲಿದ್ದ ಕಬ್ಬಿಣದ ನೀರಿನ ಬಾನಿಯ ಹತ್ತಿರ ಕೂರಿಸಿದಳು. ತುಕ್ಕು ಹಿಡಿದ ಮೊಳೆಗಳನ್ನು ಹುಳಿನೀರಲ್ಲಿ ವಾರಗಟ್ಟಲೆ ನೆನೆಹಾಕಿ ಸೋಸಿದ ನೀರು ಅದು. ನೋಡಲು ತಿಳಿ. ದಾಳಿಂಬೆ ಸಿಪ್ಪೆಯ ಕಷಾಯದಲ್ಲಿ ನೆಂದ ಹಳದಿ ನೂಲನ್ನು ಅದರೊಳಗೆ ಅದ್ದಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಬರಿಯ ಕೈ ಅದ್ದಿದರೆ ಏನೂ ಆಗುವುದಿಲ್ಲ.

"ಬೇರೆಯವರು ನೂಲು ಇಳಿಸ್ತಾರೆ, ನೀನು ಈ ನೀರು ಕಲಕ್ತಾ ಇರು. ದಾಳಿಂಬೆ ಸಿಪ್ಪೆ ಮಾತ್ರ ಮುಟ್ಟಬೇಡ. ಮುಟ್ಟದಿದ್ರೆ ನಿನ್ನ ಕೈ ಹೆಂಗಿತ್ತೋ ಹಂಗೇ ಇರುತ್ತೆ."

ಹಾಗೇ ಇತ್ತು. ಬಾಕಿ ಮಕ್ಕಳೆಲ್ಲ ಕೆಂಪು, ನೀಲಿ ಕೈಗಳನ್ನು ಬೀಸಿಕೊಂಡು ಮನೆಗೆ ಹೋಗುತ್ತಿದ್ದರೆ ಇವಳು ಸೋಪು ಹಚ್ಚಿ ತೊಳೆದು, ಉಗುರನ್ನು ಬೆಳಕಿಗೆ ಹಿಡಿದು ನೋಡಿ ಹೊರಡುತ್ತಿದ್ದಳು. ಮಗ್ಗದ ಮೇಲೂ ಮಾತು ಹುಟ್ಟಿತ್ತು. ಮೊದಮೊದಲು ಲಾಳಿಯ ಸದ್ದು ಬಿಟ್ಟರೆ ಬೆಂಚು ಮೂಕವಾಗಿತ್ತು. ಒಂದು ದಿನ ಲಾಳಿ ಕೈತಪ್ಪಿ ಅವಳ ಮಡಿಲಿಗೆ ಬಿದ್ದಾಗ ಎಡಚ, "ಹಿಡಿಯೋಕೆ ಹೇಳಿದ್ದು, ಹೊಟ್ಟೆಗೆ ಹಾಕ್ಕೊಳ್ಳೋಕಲ್ಲ" ಎಂದ. "ನೀನು ಎಸೆಯೋದನ್ನ ಕಲಿ, ಪೆದ್ದ" ಎಂದಳು ಇವಳು. ಆಮೇಲೆ ಇಬ್ಬರ ಬಾಯಿಗೂ ಬೀಗವಿರಲಿಲ್ಲ. ಬಟ್ಟೆ ಸರಸರ ಬೆಳೆಯಿತು. ನನಗೆ ಅವರನ್ನು ನೋಡುತ್ತಾ ಖುಷಿಯಾಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ದಾಳಿಂಬೆ ಸಿಪ್ಪೆ ನೆನಪಿತ್ತು ಎಲ್ಲರಿಗೂ. ಚಹಾ ಯಾರಿಗೂ ನೆನಪಾಗಲಿಲ್ಲ. ದಿನಕ್ಕೆ ನಾಲ್ಕು ಲೋಟ ಇಳಿಸುವ ನಮ್ಮಕ್ಕನಿಗೂ, ಚಹಾಪುಡಿಯಲ್ಲಿ ಬಟ್ಟೆ ನೆನೆಸಿ ಬಣ್ಣ ಕಟ್ಟುವುದನ್ನು ಅದೇ ಮಕ್ಕಳಿಗೆ ಕಲಿಸಬೇಕೆಂದಿದ್ದ ನನಗೂ ಹೊಳೆಯಲಿಲ್ಲ. ತೊಳೆದ ಕೈಯಲ್ಲೂ ಕಬ್ಬಿಣ ಕಾಣದಂತೆ ಉಳಿದಿರುತ್ತದೆ, ಅದಕ್ಕೆ ದಾಳಿಂಬೆಯೂ ಒಂದೇ, ಚಹಾವೂ ಒಂದೇ.

ಬಟ್ಟೆ ಮುಗಿಯಲು ಎರಡು ದಿನವಿದ್ದಾಗ ಕಡ್ಡಿಯ ಅಮ್ಮನಿಗೆ ಜ್ವರ ಬಂತು. ಸಂಜೆ ಕಡ್ಡಿಯೇ ಚಹಾ ಮಾಡಿದಳು. ಅವರ ಮನೆಯಲ್ಲಿ ಸೋಸುವುದು ಬಟ್ಟೆಯಲ್ಲಿ. ಬಿಸಿ ಗಸಿಯನ್ನು ಬಟ್ಟೆಯಲ್ಲಿ ಹಿಡಿದು ಎರಡೂ ಕೈಯಿಂದ ಹಿಂಡಿದಳು. ಲೋಟ ತಂದು ಅಣ್ಣನ ಮುಂದಿಟ್ಟಾಗ ಅವನು ಲೋಟ ನೋಡಲಿಲ್ಲ. ಅವಳ ಬೆರಳುಗಳು ತುದಿಯಿಂದ ಬುಡದವರೆಗೆ ಕಪ್ಪಾಗುತ್ತಿದ್ದವು. ಉಗುರಿನ ಸಂದಿ, ಅಂಗೈಯ ಗೆರೆ, ಎಲ್ಲ ಮಸಿ.

"ಹೊಲಿಗೆ ತರಗತೀಲಿ ಯಾವ ದಾರಕ್ಕೆ ಈ ಬಣ್ಣ?" ಎಂದು ಕೇಳಿದನಂತೆ.

ಲಾಂಡ್ರಿಗೆ ಹೋಗುವ ಮಕ್ಕಳ ಬಣ್ಣದ ಕೈ ಇಡೀ ಬೀದಿಗೆ ಗೊತ್ತಿತ್ತು. ಅವಳು ಏನೋ ಸುಳ್ಳು ಹೆಣೆಯಲು ಹೋದಳು. ಕಪಾಳಕ್ಕೆ ಬಿತ್ತು. ಬಚ್ಚಲಿಗೆ ಎಳೆದುಕೊಂಡು ಹೋಗಿ, ಎಂಜಿನ್ನಿನ ಮಸಿ ಕೆರೆಯುವ ತಂತಿಯ ಬ್ರಷ್ ತೆಗೆದು, "ಹೋಗುತ್ತೆ, ಬಾ, ಹೋಗೋವರೆಗೂ ಉಜ್ಜೋಣ" ಎಂದು ಉಜ್ಜಿದ. ಕಪ್ಪು ಹೋಗಲಿಲ್ಲ, ಚರ್ಮ ಹೋಯಿತು. ಅಮ್ಮ ಜ್ವರದಲ್ಲೇ ಎದ್ದು ಬಂದು ಬಾಗಿಲು ಬಡಿದಳು. ಅಕ್ಕಪಕ್ಕದ ಮನೆಯವರಿಗೆ ಕೂಗು ಕೇಳಿಸಿತು. ಒಬ್ಬರೂ ಬರಲಿಲ್ಲ.

ಮರುದಿನ ಅವಳು ಎಂದಿನ ಹೊತ್ತಿಗೆ ಬಂದಳು. ಎರಡೂ ಕೈಗೆ ಹಳೆಯ ಬಟ್ಟೆ ಸುತ್ತಿತ್ತು, ಅದರಿಂದ ಕೆಂಪು ಜಿನುಗಿತ್ತು. ನಮ್ಮಕ್ಕ ಬಟ್ಟೆ ಬಿಚ್ಚಿದವಳೇ ಬಾಯಿಗೆ ಕೈ ಅಡ್ಡ ಹಿಡಿದು ಅಳತೊಡಗಿದಳು. ನನಗೆ ಅಳು ಬರಲಿಲ್ಲ. ಅವನ ಕೊರಳು ಹಿಚುಕಬೇಕೆನಿಸಿತು.

"ಪೊಲೀಸ್ ಹತ್ರ ಹೋಗೋಣ ನಡಿ" ಎಂದೆ.

"ಬೆಂಚಿನ ಮೇಲೆ ಕೂರಿಸಿ ಚಿಕ್ಕಕ್ಕ. ನಾಳೆ ಮಗ್ಗದಿಂದ ಬಟ್ಟೆ ಇಳಿಸ್ತೀವಿ ಅಂದಿದ್ರಲ್ಲಾ. ಮುಗಿಸಿ ಎಲ್ಲಿಗಾದ್ರೂ ಬರ್ತೀನಿ."

ಎಡಚ ಅವಳ ಕೈ ನೋಡಿದ. "ನಿಮ್ಮಣ್ಣನಾ?"

"ತೆಪ್ಪಗೆ ಲಾಳಿ ಎಸಿ" ಎಂದಳು.

ಅವಳು ಅಂಗೈ ಮಡಿಸಲಾಗದೆ, ಎರಡು ಮಣಿಕಟ್ಟುಗಳ ನಡುವೆ ಲಾಳಿ ಹಿಡಿದು ತಳ್ಳುತ್ತಿದ್ದಳು. ಒಂದಷ್ಟು ಸಾಲು ಹಾಗೇ ನೇಯ್ದರು. ಆಗ ಮೇಲಿನ ಬೀದಿಯ ಬಾಗಿಲು ಒದೆತಕ್ಕೆ ತೆರೆಯಿತು.

ಅವಳ ಅಣ್ಣನನ್ನು ನಾನು ನೋಡಿದ್ದು ಅದೇ ಮೊದಲು. ದೊಡ್ಡ ಆಳೇನಲ್ಲ. ಬಲಗೈ ಮೊಣಕೈಯಲ್ಲಿ ಸೊಟ್ಟಗೆ ಹೊರಳಿತ್ತು. ಎಡಗೈಯಲ್ಲಿ ಲಾರಿ ಚಕ್ರ ಬಿಚ್ಚುವ ಉದ್ದದ ಸ್ಪ್ಯಾನರ್. ಎದುರಿಗೆ ಸಿಕ್ಕ ಮಂಜಿಷ್ಠದ ಹಂಡೆಯನ್ನು ಮೊದಲು ಒದ್ದ. ಕುದಿಯುವ ಕೆಂಪು ನೀರು ನೆಲದ ಮೇಲೆ ಹರಿದು ಒಬ್ಬ ಹುಡುಗಿಯ ಪಾದ ಬೆಂದು ಅವಳು ಚೀರಿದಳು. ಮಕ್ಕಳು ಬೆಂಚುಗಳ ಮೇಲೆ ಹತ್ತಿದರು. ನಮ್ಮಕ್ಕ ಅಡ್ಡ ಹೋದಳು, ಅವಳನ್ನು ಭುಜದಲ್ಲಿ ತಳ್ಳಿ ಬೀಳಿಸಿದ. ನಾನು ಹಿಂದಿನಿಂದ ಅವನ ಅಂಗಿ ಹಿಡಿದು ಜಗ್ಗಿದೆ, ಅಂಗಿ ಹರಿದು ಕೈಗೆ ಬಂತು.

"ಯಾವನೇ ನಿನ್ನ ಪಕ್ಕ ಕೂರೋನು?" ಎಂದ. ಉತ್ತರ ಬೇಕಾಗಿರಲಿಲ್ಲ, ಎಡಚ ಅವಳ ಬೆಂಚಿನ ಮೇಲೇ ಇದ್ದ. ಎಡಚನ ಮುಖದಲ್ಲಿ ತನ್ನ ಕೈ ಮುರಿದವನ ಮುಖ ಕಂಡಿರಬೇಕು. "ಓ, ನೀನಾ" ಎಂದು ಮೆಲ್ಲಗೆ ಹೇಳಿ ಸ್ಪ್ಯಾನರ್ ಬೀಸಿದ.

ಮೊದಲ ಏಟು ಮಗ್ಗದ ಕಂಬಕ್ಕೆ ಬಿತ್ತು, ಹಾಸಿನ ಎಳೆಗಳು ಪಟಪಟನೆ ಹರಿದವು. ಇನ್ನೊಂದು ಎಡಚನ ಪಕ್ಕೆಗೆ ಬಿತ್ತು. ಅವನು ನೆಲಕ್ಕುರುಳಿದ. ಎದ್ದು ತಿರುಗಿ ಹೊಡೆಯಬಹುದಿತ್ತು, ಗಟ್ಟಿ ಹುಡುಗ. ಹೊಡೆಯಲಿಲ್ಲ. ಎರಡೂ ಕೈ ತಲೆಯ ಮೇಲಿಟ್ಟು ಮುದುಡಿದ. ತಾನು ಕೈಯೆತ್ತಿದರೆ ಸಂಜೆಗೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಕಡ್ಡಿಯ ಅಣ್ಣ ಅವನ ತಲೆಗೆ ಗುರಿಯಿಟ್ಟು ಸ್ಪ್ಯಾನರ್ ಮೇಲೆತ್ತಿದ.

ನೂಲು ತಿರುಗಿಸುವ ಕೋಲು ಹಂಡೆಗೆ ಒರಗಿತ್ತು. ತೊಯ್ದು ತೊಯ್ದು ಭಾರವಾದ, ನನ್ನ ಭುಜದೆತ್ತರದ ದೊಣ್ಣೆ. ಕಡ್ಡಿ ಅದನ್ನು ಸುಲಿದ ಕೈಗಳಲ್ಲೇ ಎತ್ತಿ ಬೀಸಿದಳು. ಅಣ್ಣನ ಎಡಗೈ ಮೊಣಕೈಯ ಕೆಳಗೆ ಮುರಿಯಿತು. ಆ ಸದ್ದು ಎಲ್ಲರಿಗೂ ಕೇಳಿಸಿತು. ಸ್ಪ್ಯಾನರ್ ಠಣ್ಣೆಂದು ಬಿತ್ತು. ಅವನು ಮಂಡಿಯೂರಿ, ನೇತಾಡುವ ಕೈಯನ್ನು ನೋಡುತ್ತಾ, ಚಿಕ್ಕ ಮಗುವಿನಂತೆ ಕೂಗಿದ.

ಕೂಗು ಬೀದಿಗೆ ಹೋಯಿತು. ಮುಂದಿನದೆಲ್ಲ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಆಗಿಹೋಯಿತು. ಮೇಲಿನ ಬೀದಿಯ ಗಂಡಸರು ನುಗ್ಗಿದರು, ಮುಂದೆ ಗ್ಯಾರೇಜಿನ ಯಜಮಾನ, ಕೈಯಲ್ಲಿ ಟೈರ್ ಕೀಳುವ ಸಲಾಕೆ. ಕೆಳಗಿನ ಬೀದಿಯ ಬಾಗಿಲಿಗೆ ನಮ್ಮಕ್ಕ ಬಿದ್ದಲ್ಲಿಂದ ಎದ್ದು ಓಡಿ ಚಿಲಕ ಹಾಕಿದ್ದಳು, ಅದರಾಚೆಯೂ ಜನ ಸೇರಿ ಬಡಿಯತೊಡಗಿದ್ದರು. ಚಿಲಕ ಕುಣಿಯುತ್ತಿತ್ತು. ಆ ಬಾಗಿಲು ಮುರಿದು ಇವರೂ ಅವರೂ ಒಂದೇ ಕೋಣೆಯಲ್ಲಿ ನಿಂತರೆ ಮಕ್ಕಳಲ್ಲಿ ಎಷ್ಟು ಜನ ಉಳಿಯುತ್ತಾರೋ ಎನಿಸಿತು.

"ಯಾರು ಹೊಡೆದಿದ್ದು? ಹೇಳು" ಎಂದ ಯಜಮಾನ.

ಅಣ್ಣ ತಂಗಿಯನ್ನು ನೋಡಿದ. ಹದಿನಾರರ ಹುಡುಗಿ, ಅದೂ ತನ್ನ ಕೈಯಲ್ಲಿ ದಿನಾ ಏಟು ತಿನ್ನುವವಳು, ತನ್ನ ಕೈ ಮುರಿದಳು ಎಂದು ಇಷ್ಟು ಗಂಡಸರ ಮುಂದೆ ಹೇಳಬೇಕು. ಅವನಿಂದ ಆಗಲಿಲ್ಲ. ಗದ್ದ ಎತ್ತಿ ಎಡಚನ ಕಡೆ ತೋರಿಸಿದ.

"ಅವನು."

"ಸುಳ್ಳು!" ಎಂದು ನಾನು ಕಿರುಚಿದೆ. "ಆ ಹುಡುಗ ಕೈಯೆತ್ತಿಲ್ಲ, ಎಲ್ಲಾ ಮಕ್ಕಳೂ ನೋಡಿದ್ದಾರೆ!"

"ನೀವು ಸುಮ್ನಿರಿ ಮೇಡಂ. ಅವರನ್ನ ತಂದು ನಮ್ಮ ಮಕ್ಕಳ ಪಕ್ಕ ಕೂರಿಸಿದೋರೇ ನೀವು" ಎಂದ ಯಜಮಾನ.

ಅವರು ಎಡಚನನ್ನು ಕೂದಲು ಹಿಡಿದು ಎತ್ತಿ ಗೋಡೆಗೆ ಅಪ್ಪಳಿಸಿದರು. ಒಬ್ಬ ಬಾಯಿಗೆ ಗುದ್ದಿದ, ಹಲ್ಲು ಮುರಿದು ರಕ್ತ ಗದ್ದಕ್ಕಿಳಿಯಿತು. ಯಜಮಾನ ಸಲಾಕೆ ಸರಿಮಾಡಿಕೊಂಡ. ಮಕ್ಕಳು ಅಳುತ್ತಿದ್ದರು, ಎರಡೂ ಬೀದಿಯವರು.

"ನಾನು ಹೊಡ್ದಿದ್ದು. ಬಿಡಿ ಅವನ್ನ. ನಾನು!" ಎಂದಳು ಕಡ್ಡಿ.

ಯಜಮಾನ ಅವಳತ್ತ ತಿರುಗಿ, ಸುತ್ತಿದ ಬಟ್ಟೆಯನ್ನೂ ಆ ತೋಳುಗಳನ್ನೂ ನೋಡಿ ನಕ್ಕ. "ಪಾಪ, ಹೆದರ್ಕೊಂಡಿದೆ ಮಗು. ಆಚೆ ಕರ್ಕೊಂಡು ಹೋಗ್ರೋ." ಇನ್ನೊಬ್ಬ, "ಈ ಕಡ್ಡೀನಾ? ಇವಳಿಗೆ ಆ ದೊಣ್ಣೆ ಎತ್ತೋಕಾಗುತ್ತಾ?" ಎಂದ. ಉಳಿದವರೂ ನಕ್ಕರು. ಮಂಡಿಯೂರಿದ್ದ ಅಣ್ಣನೊಬ್ಬ ನಗಲಿಲ್ಲ.

ಅವಳು ಬಗ್ಗಿ ದೊಣ್ಣೆ ಎತ್ತಿಕೊಂಡಳು. ಆತುರವಿರಲಿಲ್ಲ. ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಬಿತ್ತು. ಅಣ್ಣನ ಮುಂದೆ ಹೋಗಿ ನಿಂತಳು. ಅವನು ತಲೆಯೆತ್ತಿ, "ಬೇಡ ಕಣೇ" ಎಂದ. ಎರಡು ಹೆಜ್ಜೆ ಆಚೆ ಇದ್ದ ನನಗೆ ಅದು ಕೇಳಿಸಿತು, ಅವಳಿಗೂ ಕೇಳಿಸಿರಲೇಬೇಕು. ಅವಳು ಬೀಸಿದಳು. ಹೋದ ವರ್ಷ ಮುರಿದು ಸೊಟ್ಟಗೆ ಕೂಡಿದ್ದ ಬಲಗೈಯ ಮೇಲೆ, ಅದೇ ಮೊಣಕೈಯ ಮೇಲೆ.

ಅವನು ಕೂಗಿದ ಕೂಗಿಗೆ ಆಚೆ ಬಾಗಿಲು ಬಡಿಯುತ್ತಿದ್ದವರೂ ನಿಂತುಬಿಟ್ಟರು.

"ಈಗ ನಂಬ್ತೀರಾ?" ಎಂದಳು ಕಡ್ಡಿ, ಗಂಡಸರ ಕಡೆ ತಿರುಗಿ. "ಇನ್ನೊಂದು ಹೊಡೀಲಾ?"

ಅಣ್ಣ ನೆಲಕ್ಕೆ ಹಣೆ ಹಚ್ಚಿ ಬಿದ್ದಿದ್ದ. ಕೆಂಪು ನೀರು ಅವನ ಮುಖಕ್ಕೆ ತಾಗುತ್ತಿತ್ತು. "ಅವಳೇ" ಎಂದ. "ಮೊದಲ್ನೇದೂ ಅವಳೇ. ಬಿಡ್ರೋ ಅವನ್ನ, ಅವ್ನು ಮುಟ್ಟಿಲ್ಲ."

ಎಡಚನ ಕೂದಲು ಹಿಡಿದಿದ್ದ ಕೈ ಸಡಿಲವಾಯಿತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಯಜಮಾನ ಸಲಾಕೆ ಇಳಿಸಿ, ಕಾಲಬಳಿ ಉಗಿದ.

"ಥೂ. ಅಣ್ಣ-ತಂಗಿ ಜಗಳಾನಾ? ಮನೆ ವಿಷ್ಯಕ್ಕೆ ನಮ್ಮನ್ನ ಯಾಕ್ರೋ ಎಳೆದ್ರಿ? ನಡೀರಿ, ನಡೀರಿ."

ಹೊರಟೇಹೋದರು. ಒಬ್ಬ ಹೋಗುವಾಗ ಬಾಗಿಲು ಮುಂದೆ ಮಾಡಿಕೊಂಡು ಹೋದ. ಎರಡು ಕೈ ಮುರಿದವನು ಅಲ್ಲಿ ಬಿದ್ದಿದ್ದ, ಕೈ ಸುಲಿದ ಹುಡುಗಿ ಅಲ್ಲಿ ನಿಂತಿದ್ದಳು, ಹಲ್ಲು ಮುರಿದ ಹುಡುಗ ಗೋಡೆಗಂಟಿ ಕೂತಿದ್ದ. ಆದರೆ ಮನೆ ವಿಷಯ. ಇಷ್ಟು ದಿನ ಕಡ್ಡಿಯ ಮನೆಯಿಂದ ಕೂಗು ಕೇಳಿದಾಗಲೂ ಅದೇ ಗಂಡಸರು ಅದೇ ಮಾತು ಹೇಳಿ ಕಿಟಕಿ ಹಾಕಿಕೊಂಡಿದ್ದರು. ಆ ದರಿದ್ರ ಮಾತು ಅವತ್ತು ಎರಡು ಬೀದಿಗಳನ್ನು ಉಳಿಸಿತು.

ನಮ್ಮಕ್ಕ ಕೆಳಗಿನ ಬೀದಿಯ ಬಾಗಿಲು ತೆರೆದು ಅವರಿಗೆ ಎಲ್ಲ ಹೇಳಿದಳು. ಎಡಚನೂ ರಕ್ತ ಉಗಿಯುತ್ತಾ, "ನಂಗೇನೂ ಆಗಿಲ್ಲ, ಮನೆಗೆ ಹೋಗಿ" ಎಂದು ತನ್ನವರನ್ನು ತಡೆದ. ಅವನ ಪಕ್ಕೆಲುಬು ಮುರಿದದ್ದು ಆಮೇಲೆ ಗೊತ್ತಾಯಿತು. ಸುಟ್ಟ ಪಾದದ ಹುಡುಗಿ, ಅವನು, ಕಡ್ಡಿ, ಅವಳ ಅಣ್ಣ, ಎಲ್ಲರನ್ನೂ ಒಂದೇ ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಅಣ್ಣನ ತಲೆ ತಂಗಿಯ ತೊಡೆಯ ಮೇಲಿತ್ತು, ಬೇರೆ ಜಾಗ ಇರಲಿಲ್ಲ.

ಕಡ್ಡಿಯ ಅಮ್ಮ ಆಸ್ಪತ್ರೆಗೆ ಓಡಿಬಂದಳು. ಮಗ ಒಳಗೆ ಮಂಚದ ಮೇಲೆ, ಮಗಳು ಹೊರಗೆ ಬೆಂಚಿನ ಮೇಲೆ. ನಡುವೆ ನಿಂತು ಆ ಕಡೆ ಈ ಕಡೆ ನೋಡಿದಳು. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟು, "ಸದ್ಯಕ್ಕೆ ಮನೆಗೆ ಬರ್ಬೇಡ ಕಣೇ" ಎಂದು ಒಳಗೆ ಹೋದಳು. ಮಗಳನ್ನು ಕಳಿಸಿಬಿಟ್ಟಳೋ ಕಾಪಾಡಿದಳೋ ನನಗೆ ತಿಳಿಯಲಿಲ್ಲ.

"ನಮ್ಮನೇಲಿ ಇರು" ಎಂದೆ. "ನಾನೂ ಅಕ್ಕನೂ ಇದ್ದೀವಿ."

ಅವಳು ಹೂಂ ಎಂಬಂತೆ ತಲೆಯಾಡಿಸಿದಳು. ನರ್ಸ್ ಹೊಸದಾಗಿ ಕಟ್ಟಿದ್ದ ಬಿಳಿ ಪಟ್ಟಿಯ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು.

"ಚಿಕ್ಕಕ್ಕ, ಮೊದಲ್ನೇ ಏಟು ಹೆಂಗೆ ಬಿತ್ತೋ ನಂಗೆ ಗೊತ್ತೇ ಇಲ್ಲ. ಎರಡನೇದು ಗೊತ್ತು. ಆಗ ನಂಗೆ ಸಿಟ್ಟೇ ಇರ್ಲಿಲ್ಲ. ಎಲ್ಲಿ ಹೊಡೆದ್ರೆ ಜೋರಾಗಿ ಕೂಗ್ತಾನೆ ಅಂತ ಯೋಚ್ನೆ ಮಾಡಿ ಹೊಡ್ದೆ."

"ಒಂದು ಜೀವ ಉಳಿಸಿದೆ ಕಣೇ ನೀನು."

"ಹೌದು" ಎಂದಳು. ಆಮೇಲೆ ಕೇಳಿದಳು: "ಅಣ್ಣನೂ ನಂಗೆ ಹಿಂಗೇ ಯೋಚ್ನೆ ಮಾಡಿ ಹೊಡೀತಿದ್ನಾ?"

ಒಳಗೆ ಮೂಳೆ ಕೂರಿಸಲು ಹಿಡಿದಿದ್ದರೇನೋ, ಅವನು ಮತ್ತೆ ಕೂಗಿದ. ನಾನು ಅವಳ ಕಿವಿ ಮುಚ್ಚಲು ಹೋದೆ. ಅವಳು ನನ್ನ ಕೈ ಸರಿಸಿ, ಕೊನೆಯವರೆಗೂ ಕೇಳಿಸಿಕೊಂಡಳು.